ಯಾವುದೋ ಒಂದರ ಪಕ್ಕ

"ಎತ್ತಬೇಡಿ!" ಎಂದು ಕೂಗಿ ಟೈಲರಮ್ಮ ಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾಲ್ಕು ಜನ ಆಗಲೇ ಬಗ್ಗಿ ಹೆಗಲು ಕೊಟ್ಟಾಗಿತ್ತು. ಒಂದು ಕಡೆ ಮಾತ್ರ ಮೇಲೆದ್ದು ಪೆಟ್ಟಿಗೆ ಓರೆಯಾಯಿತು. ಒಳಗಿದ್ದ ತರ್ಕಶಾಸ್ತ್ರದ ಮೇಷ್ಟ್ರು ಒಂದು ಬದಿಗೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಅತ್ತಿಗೆ, ಏನಿದು?" ಎನ್ನುತ್ತ ಮೈದುನ ಓಡಿ ಬಂದರು. ಅಣ್ಣ ತೀರಿಕೊಂಡಾಗಿನಿಂದ ವ್ಯಾನು, ಪೆಟ್ಟಿಗೆ, ಬಂದವರಿಗೆ ಕುರ್ಚಿ ಅಂತ ಓಡಾಡಿ ಅವರ ಗಂಟಲು ಕಟ್ಟಿಹೋಗಿತ್ತು. "ಸಂಜೆಗೆ ಗೇಟ್ ಹಾಕ್ಬಿಡ್ತಾರೆ. ಈಗ ಹೊರಟ್ರೇನೇ ಸರಿಹೋಗೋದು."

"ಎಲ್ಲಿ ಅಂತ ಗೊತ್ತಾಗ್ಲಿ. ಆಮೇಲೆ ಎತ್ತಿ."

"ಎಲ್ಲಿ ಅಂದ್ರೆ? ಸ್ಮಶಾನದಲ್ಲಿ."

"ಸ್ಮಶಾನ ಅಂದ್ರೆ ಅಷ್ಟು ದೊಡ್ಡದಿದೆ. ನಾನು ಅವರಿಗೆ ಮಾತು ಕೊಟ್ಟಿದ್ದೀನಪ್ಪ. ಅವಳ ಪಕ್ಕಾನೇ ಮಲಗಿಸ್ತೀನಿ ಅಂತ. ಅವಳು ಎಲ್ಲಿದ್ದಾಳೆ, ಯಾರಿಗಾದ್ರೂ ಗೊತ್ತಾ? ಹೇಳಿ."

'ಅವಳು' ಎಂದರೆ ಯಾರು ಅಂತ ಆ ಕೋಣೆಯಲ್ಲಿದ್ದ ಅರ್ಧ ಜನಕ್ಕೆ ತಿಳಿಯಲೇ ಇಲ್ಲ. ತಿಳಿದವರು ನೆಲ ನೋಡಿದರು. ಮೇಷ್ಟ್ರಿಗೂ ಟೈಲರಮ್ಮನಿಗೂ ಮದುವೆಯಾದ ಹೊಸದರಲ್ಲಿ ಒಂದು ಹೆಣ್ಣು ಮಗು ಹುಟ್ಟಿ, ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತ್ತು. ತಾಯಿ ಆಸ್ಪತ್ರೆಯಲ್ಲಿ ಜ್ವರದಿಂದ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಮೇಷ್ಟ್ರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು. ಆಮೇಲೆ ಆ ಮನೆಯಲ್ಲಿ ಅದರ ಮಾತೇ ಇರಲಿಲ್ಲ.

ಟೈಲರಮ್ಮ ಸುತ್ತ ಕಣ್ಣಾಡಿಸಿ, ಮೂಲೆಯಲ್ಲಿ ಕೋಲೂರಿ ಕೂತಿದ್ದ ಚರಿತ್ರೆ ಮೇಷ್ಟ್ರನ್ನು ಹಿಡಿದರು. ಗಂಡನ ಜೊತೆ ಒಂದೇ ಕಾಲೇಜಿನಲ್ಲಿ ನಿವೃತ್ತಿಯ ತನಕ ದುಡಿದವರು, ಅಷ್ಟೂ ವರ್ಷ ಜಗಳವಾಡಿದವರು.

"ನೀವು ಜೊತೆಗೆ ಹೋಗಿದ್ರಲ್ಲ ಅವತ್ತು?"

"ಹೋಗಿದ್ದೆ." ಮುದುಕರು ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. "ಆದ್ರೆ ಒಳಗೆ ಹೋಗ್ಲಿಲ್ಲಮ್ಮಾ. ಗೇಟ್ ಹತ್ರ ಸೈಕಲ್ ಹಿಡ್ಕೊಂಡು ನಿಂತಿದ್ದೆ."

"ಯಾಕೆ?"

"ಸೈಕಲ್ಲಿಗೆ ಸ್ಟ್ಯಾಂಡ್ ಇರ್ಲಿಲ್ಲ." ಅವರು ಕೋಲಿನ ತುದಿಯಿಂದ ನೆಲ ಗೀರಿದರು. "ಗೋಡೆಗೆ ಒರಗಿಸಬಹುದಾಗಿತ್ತು. ನನಗೆ ಧೈರ್ಯ ಸಾಲಲಿಲ್ಲ."

ಟೈಲರಮ್ಮನಿಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಕೋಲು ಕಿತ್ತುಕೊಂಡು ಬಾರಿಸಬೇಕೆನ್ನಿಸಿತು. ಒಬ್ಬನೇ ಒಬ್ಬ ಸಾಕ್ಷಿ, ಅವನೂ ಸೈಕಲ್ ಕಾಯುತ್ತ ನಿಂತಿದ್ದ.

ಕೊನೆಗೆ, ಆ ಮಗುವಿನ ನಂತರ ಹುಟ್ಟಿದ ಮಗಳೇ ಬಂದು ತಾಯಿಯ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸಿದಳು. "ಅಮ್ಮಾ, ಅಪ್ಪ ಪ್ರತಿ ಭಾನುವಾರ ಹೋಗ್ತಿದ್ರಲ್ಲ. ಅಲ್ಲಿ ಗುಂಡಿ ತೋಡೋರು ನೋಡಿರ್ತಾರೆ. ಅವರನ್ನೇ ಕೇಳೋಣ, ಬಾ."

ಈ ಮಾತು ಯಾರಿಗೂ ಹೊಳೆದಿರಲಿಲ್ಲ. ಟೈಲರಮ್ಮ ಹಿಡಿ ಬಿಟ್ಟರು.

*

ತರ್ಕಶಾಸ್ತ್ರದ ಮೇಷ್ಟ್ರ ಜಗಳ ಯಾವಾಗಲೂ ಒಂದೇ. 'ಕುರ್ಚಿ' ಅಂತ ಒಂದು ಎಲ್ಲೂ ಇಲ್ಲ ಅನ್ನುವುದು. ಈ ಕುರ್ಚಿ ಇದೆ, ಆ ಕುರ್ಚಿ ಇದೆ, ಕಾಲು ಮುರಿದ ಇನ್ನೊಂದು ಅಟ್ಟದ ಮೇಲಿದೆ. ಇವಕ್ಕೆಲ್ಲ ಸೇರಿಸಿ ನಾವು ಬಾಯಲ್ಲಿ ಒಂದು ಸದ್ದು ಮಾಡುತ್ತೇವೆ, ಅಷ್ಟೇ. ಆ ಸದ್ದನ್ನು ಬಿಟ್ಟರೆ 'ಕುರ್ಚಿತನ' ಎಂಬ ಪದಾರ್ಥ ಆಕಾಶದಲ್ಲೂ ಇಲ್ಲ, ಪಾತಾಳದಲ್ಲೂ ಇಲ್ಲ. ಇದನ್ನೇ ಅವರು ತರಗತಿಯಲ್ಲಿ ಹೇಳಿದರು, ಸ್ಟಾಫ್ ರೂಮಿನಲ್ಲಿ ಹೇಳಿದರು, ಮದುವೆ ಮನೆಗಳಲ್ಲಿ ಪಕ್ಕ ಕೂತ ಪಾಪದವರಿಗೂ ಹೇಳಿದರು. "ಹಾಗಾದ್ರೆ ಹೊಸ ಕುರ್ಚಿ ಕಂಡಾಗ ಇದು ಕುರ್ಚಿ ಅಂತ ಹೇಗಯ್ಯಾ ಗೊತ್ತಾಗುತ್ತೆ ನಿನಗೆ?" ಎಂದು ಚರಿತ್ರೆ ಮೇಷ್ಟ್ರು ಮೇಜು ಕುಟ್ಟುತ್ತಿದ್ದರು. ಇಬ್ಬರ ಚಹಾವೂ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು.

ಮನೆಯಲ್ಲಿ ಇನ್ನೊಬ್ಬರು ಎದುರಾಳಿ. ಟೈಲರಮ್ಮ ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುತ್ತಿದ್ದರು. ಗೋಡೆಯ ಮೊಳೆಗಳಿಗೆ ರಟ್ಟಿನ ಅಚ್ಚುಗಳು ನೇತಾಡುತ್ತಿದ್ದವು. ಕಾಲರಿಗೊಂದು, ತೋಳಿಗೊಂದು, ಬೆನ್ನಿಗೊಂದು.

"ಹಾಗಾದ್ರೆ ಇದೇನ್ರೀ?" ಎಂದು ಒಂದು ರಟ್ಟು ಇಳಿಸಿ ಗಂಡನ ಮೂಗಿನ ಮುಂದೆ ಹಿಡಿಯುತ್ತಿದ್ದರು.

"ರಟ್ಟು."

"ಈ ರಟ್ಟಿಂದ ಎರಡು ಶಾಲೆ ಮಕ್ಕಳು ಮೈ ಮುಚ್ಕೊಂಡಿದ್ದಾರೆ. ಎಲ್ಲಾ ಒಂದೇ ಅಂಗಿ."

"ಒಂದೇ ಅಲ್ಲ ಕಣೇ, ಒಂದೇ ಥರ. ಮಗನ ಅಂಗಿ ಬಿಟ್ಟು ಪಕ್ಕದ ಹುಡುಗಂದು ತಂದ್ರೆ ಯಾವ ತಾಯಿ ಸುಮ್ನಿರ್ತಾಳೆ?"

"ಅಳತೆ ಸರಿ ಇದ್ರೆ ಎಲ್ಲಾ ತಾಯಂದಿರೂ ಸುಮ್ನಿರ್ತಾರೆ. ನಿಮಗೇನು ಗೊತ್ತು? ಅಂಗಿ ಅನ್ನೋದು ಇಲ್ಲ ಅಂದ್ರೆ ನಾಳೆ ಹಾಗೇ ಹೋಗಿ ಕಾಲೇಜಿಗೆ."

ಇಬ್ಬರೂ ನಗುತ್ತಿದ್ದರು. ಮಗು ಹೊಟ್ಟೆಯಲ್ಲಿದ್ದಾಗಿನ ಮಾತು ಇದು.

ಮಗು ಹೋದ ಮೇಲೆ ಆಸ್ಪತ್ರೆಗೆ ನೆಂಟರು ಬಂದರು. ಬಂದವರೆಲ್ಲ ತಲೆ ಸವರಿ ಅದನ್ನೇ ಹೇಳಿದರು. ಇನ್ನೂ ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ ಬಿಡು. ದನಿ ಎತ್ತಿ ಮಾತಾಡದ ಮೇಷ್ಟ್ರು ಅವತ್ತು ವಾರ್ಡಿನ ನಡುವೆ ನಿಂತು ಕಿರುಚಿದರು. "ಇನ್ನೊಂದು ಆಗುತ್ತೆ ರೀ. ಇದು ಆಗಲ್ಲ!" ನರ್ಸು ಬಂದು ಅವರನ್ನು ಹೊರಗೆ ಕಳಿಸಿದಳು.

ಸ್ಮಶಾನದ ಬಾಗಿಲಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಮಾರುತ್ತಿದ್ದರು. ಎಲ್ಲದರ ಮೇಲೂ 'ಕಂದ' ಎಂದು ಕೆತ್ತಿರುತ್ತಿತ್ತು. ಅದು ಬೇಡವೆಂದರು ಮೇಷ್ಟ್ರು. ಅದನ್ನು ನೆಟ್ಟರೆ ಅವಳನ್ನು ಗುಂಪಿಗೆ ಸೇರಿಸಿದ ಹಾಗೆ. ಹೋಗಲಿ, ಹೆಸರಾದರೂ ಕೆತ್ತಿಸು ಎಂದು ಚರಿತ್ರೆ ಮೇಷ್ಟ್ರು ಹೇಳಿದರೆ, "ಆ ಹೆಸರಿನೋರು ಊರಲ್ಲಿ ನೂರು ಜನ ಇದ್ದಾರೆ. ನನಗೆ ಜಾಗ ಗೊತ್ತಿದೆ, ಸಾಕು," ಎಂದರು.

ಹೆಂಡತಿಗೆ ತೋರಿಸುತ್ತೇನೆ ಬಾ ಎಂದು ಕರೆದದ್ದು ನಿಜ. ಟೈಲರಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. "ಮಣ್ಣು ಎಲ್ಲಾ ಕಡೆ ಒಂದೇ. ಅಲ್ಲಿ ನೋಡೋದೇನಿದೆ? ನಾನು ಬರಲ್ಲ." ಬರಲೂ ಇಲ್ಲ. ಭಾನುವಾರ ಬೆಳಗ್ಗೆ ಮೇಷ್ಟ್ರು ಕೊಡೆ ಹಿಡಿದು ಹೊರಡುವುದು, ಅವರು ಯಂತ್ರ ತುಳಿಯುತ್ತ ತಲೆ ಎತ್ತದೆ ಇರುವುದು, ಹೀಗೇ ವರ್ಷಗಳು ಉರುಳಿದವು. ಕೇಳಿದರೆ ಅಳಬೇಕಾಗುತ್ತದೆ ಎಂದು ಅವರು ಕೇಳಲಿಲ್ಲ. ಹೊಲಿಯಬೇಕಾದ ಅಂಗಿಗಳು ಯಾವಾಗಲೂ ರಾಶಿ ಬಿದ್ದಿರುತ್ತಿದ್ದವು.

ಮೊನ್ನೆ ಆಸ್ಪತ್ರೆಯಲ್ಲಿ, ಇನ್ನು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಮೊದಲ ಸಲ ಟೈಲರಮ್ಮ ಬಾಯಿ ಬಿಟ್ಟರು. ಗಂಡನ ಕಿವಿಯ ಹತ್ತಿರ ಬಗ್ಗಿ, "ನಿಮ್ಮನ್ನ ಅವಳ ಪಕ್ಕಾನೇ ಮಲಗಿಸ್ತೀನಿ ರೀ. ನಾನೂ ಬರ್ತೀನಿ, ನೋಡ್ತೀನಿ," ಎಂದರು. ಮೇಷ್ಟ್ರ ಕಣ್ಣಿಂದ ನೀರು ದಳದಳ ಇಳಿದು ದಿಂಬು ತೊಯ್ದಿತು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡರು ಟೈಲರಮ್ಮ. "ಎಲ್ಲಿ ಅಂತ ಹೇಳಿ," ಎಂದರೆ ಮೇಷ್ಟ್ರು ತಲೆಯನ್ನು ಆ ಕಡೆ ತಿರುಗಿಸಿದರು. ಆಯಾಸವಾಗಿರಬೇಕು, ನಾಳೆ ಕೇಳಿದರಾಯಿತು ಎಂದು ಇವರು ಸುಮ್ಮನಾದರು. ಮರುದಿನದ ಹೊತ್ತಿಗೆ ಅವರಿಗೆ ಮಾತು ನಿಂತುಹೋಗಿತ್ತು.

*

ವ್ಯಾನಿನಲ್ಲಿ ತಾಯಿ ಮಗಳು ಪೆಟ್ಟಿಗೆಯ ಒಂದು ಬದಿಗೆ ಕೂತಿದ್ದರು. ಮೈದುನ ಮುಂದೆ ಡ್ರೈವರನ ಪಕ್ಕ. ಚರಿತ್ರೆ ಮೇಷ್ಟ್ರೂ ಉಳಿದವರೂ ಹಿಂದಿನ ಬಸ್ಸಿನಲ್ಲಿ. ರಸ್ತೆಯ ಉಬ್ಬು ಬಂದಾಗಲೆಲ್ಲ ಮಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ? ಅವಳಿಗೆ ಹೆಸರಿಟ್ಟಿದ್ರಾ?"

ಟೈಲರಮ್ಮ ಕಿಟಕಿಯ ಹೊರಗೆ ನೋಡಿದರು. ಟೈರ್ ಅಂಗಡಿ, ಔಷಧಿ ಅಂಗಡಿ, ಬಾಗಿಲು ಹಾಕಿದ ಇನ್ನೊಂದು ಅಂಗಡಿ.

"ಇಟ್ಟಿದ್ವಿ. ಹುಟ್ಟೋಕೆ ಮುಂಚೇನೇ. ಹೆಣ್ಣಾದ್ರೆ ಇದು ಅಂತ."

"ಏನು ಹೆಸರು?"

"ಈಗ್ಯಾಕೆ ಅದೆಲ್ಲ?"

"ಹೇಳಮ್ಮಾ."

ತಾಯಿ ಮಗಳ ಮುಖ ನೋಡಿದರು. ಹೇಳಲೇಬೇಕಾಯಿತು. ಇನ್ನು ಹೇಳದೆ ಇಟ್ಟುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. "ನಿನ್ನದೇ," ಎಂದರು.

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನೀನು ಹುಟ್ಟಿದಾಗ ಅದನ್ನೇ ಇಡೋಣ ಅಂದೆ. ಬೇಡ, ಅದು ಅವಳದು ಅಂದ್ರು ನಿಮ್ಮಪ್ಪ. ಹೆಸರು ಬರೀ ಸದ್ದು ಅಂತ ದಿನಾ ಬಡ್ಕೋತೀರಲ್ಲ, ಸದ್ದು ಒಬ್ಬರ ಸ್ವತ್ತಾ, ಹಾಗಾದ್ರೆ ಇವಳಿಗ್ಯಾಕೆ ಬೇಡ ಅಂತ ಕೇಳಿದೆ. ಅವರ ಮಾತಲ್ಲೇ ಅವರನ್ನ ಕಟ್ಟಿಹಾಕ್ದೆ. ಗೆದ್ದೆ ಅಂತ ನನಗೆ ಖುಷಿ ಬೇರೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗೆ ಒಬ್ಬಳು ಬೇಕಾಗಿತ್ತು ಪುಟ್ಟಿ. ಆ ಹೆಸರು ಹಿಡಿದು ಕರೆದ್ರೆ ಓಡಿ ಬರೋ ಒಬ್ಬಳು. ಅಷ್ಟೇ ನಾನು ಯೋಚ್ನೆ ಮಾಡಿದ್ದು."

"ಅದಕ್ಕೇನಾ," ಎಂದಳು ಮಗಳು. "ಅದಕ್ಕೇನಾ ಅಪ್ಪ ನನ್ನ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ? ಪುಟ್ಟಿ, ಚಿನ್ನಿ, ಇವಳೇ, ಲೇ, ಬಾ ಇಲ್ಲಿ. ನನ್ನ ಮದುವೆ ಕಾಗದದಲ್ಲಿ ಬರೀಬೇಕಾದಾಗಲೂ ಪೆನ್ನು ನಿನ್ನ ಕೈಗೆ ಕೊಟ್ರು. ಎಲ್ಲಾ ಅವರ ತತ್ವ ಅಂದ್ಕೊಂಡಿದ್ದೆ ನಾನು. ಸ್ನೇಹಿತೆಯರಿಗೆಲ್ಲ ತಮಾಷೆ ಮಾಡಿ ಹೇಳ್ತಿದ್ದೆ."

ಅವಳು ಪೆಟ್ಟಿಗೆಯ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮುಂದಿನ ಉಬ್ಬು ಬಂದಾಗ ಟೈಲರಮ್ಮನೇ ಹಿಡಿಯಬೇಕಾಯಿತು.

*

ಮಕ್ಕಳ ಜಾಗ ಸ್ಮಶಾನದ ಕೊನೆಯಲ್ಲಿ, ಹಿಂದಿನ ಗೋಡೆಗೆ ತಗುಲಿಕೊಂಡಿತ್ತು. ಅರ್ಧದಷ್ಟಕ್ಕೆ ಕಲ್ಲುಗಳಿದ್ದವು. ಗೋಡೆಯ ಬದಿಗೆ ಕಲ್ಲಿಲ್ಲದವು, ಸಾಲು ಸಾಲಾಗಿ ಹುಲ್ಲು ಹೊದ್ದ ಪುಟ್ಟ ದಿಬ್ಬಗಳು. ಟೈಲರಮ್ಮನ ಕಣ್ಣು ಅಭ್ಯಾಸಬಲದಿಂದ ಉದ್ದಗಲ ಅಳೆಯಿತು. ಎಲ್ಲಾ ಒಂದೇ ರಟ್ಟಿನಿಂದ ಕತ್ತರಿಸಿದ ಹಾಗಿದ್ದವು.

ಪೆಟ್ಟಿಗೆಯನ್ನು ದಾರಿಯ ಮೇಲೆ ಇಳಿಸಿದ್ದರು. ಗುಂಡಿ ತೋಡುವ ಮುದುಕ ಗುದ್ದಲಿ ಹೆಗಲಿಗೇರಿಸಿ ಬಂದ.

"ಪಕ್ಕದಲ್ಲಿ ಜಾಗ ಇದ್ರೆ ತೋಡ್ತೀನಮ್ಮಾ, ಅದಕ್ಕೇನು. ನಿಮ್ಮದು ಯಾವುದು ತೋರ್ಸಿ."

"ನನಗೆ ಗೊತ್ತಿಲ್ಲ. ನಿಮಗೇ ಗೊತ್ತಿರ್ಬೇಕು. ಭಾನುವಾರ ಬರ್ತಿದ್ರಲ್ಲ, ಕೊಡೆ ಹಿಡ್ಕೊಂಡು..."

"ಕನ್ನಡಕದ ಮೇಷ್ಟ್ರಾ!" ಮುದುಕ ಪೆಟ್ಟಿಗೆಯ ಕಡೆ ತಿರುಗಿ ತಲೆಗೆ ಸುತ್ತಿದ್ದ ಬಟ್ಟೆ ತೆಗೆದ. "ಅಯ್ಯೋ, ಇವರೇನಾ? ಅದಕ್ಕೇ ಈಚೆಗೆ ಕಾಣ್ತಿರ್ಲಿಲ್ಲ."

ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ಮುಂದೆ ಹೋಗಿ ಅವನ ಮಣ್ಣು ಮೆತ್ತಿದ ಕೈಯನ್ನೇ ಹಿಡಿದುಕೊಂಡರು. "ಅವರೇ, ಅವರೇ. ಎಲ್ಲಿ ಕೂರ್ತಿದ್ರು? ತೋರ್ಸಪ್ಪಾ, ನಿನಗೆ ಪುಣ್ಯ ಬರುತ್ತೆ."

ಮುದುಕ ಕತ್ತು ಕೆರೆದುಕೊಂಡ.

"ಒಂದು ಕಡೆ ಅಂತ ಕೂರ್ತಿರ್ಲಿಲ್ಲಮ್ಮಾ."

"ಅಂದ್ರೆ?"

"ಈ ವಾರ ಇದರ ಹತ್ರ ಕೂತ್ರೆ, ಮುಂದಿನ ವಾರ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಹಂಗೇ ಸಾಲು ಮುಗಿಸೋರು, ಮತ್ತೆ ಮೊದಲಿಂದ. ಕಲ್ಲಿಲ್ಲದ್ದು ಇಷ್ಟೂ. ಹುಲ್ಲು ಕಿತ್ತು, ಮಣ್ಣು ಸವರಿ, ಏನೋ ಮಾತಾಡೋರು. ನಾನು ಮೊದಮೊದಲು ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

ಯಾರೋ ಕೆಮ್ಮಿದರು. ಟೈಲರಮ್ಮ ಮುದುಕನ ಕೈ ಬಿಡಲಿಲ್ಲ.

"ಅವರಿಗೆ ಜಾಗ ಗೊತ್ತಿತ್ತು. ಗೊತ್ತಿದೆ ಅಂತ ಹೇಳಿದ್ರು."

"ಗೊತ್ತಿತ್ತು ತಾಯಿ, ಮೊದಲು. ಒಂದು ಸಲ ಮಳೆಗೆ ಈ ಗೋಡೆ ಬಿದ್ದು ನೀರು ನುಗ್ತಲ್ಲ, ದಿಬ್ಬ ಎಲ್ಲಾ ಕೊಚ್ಕೊಂಡು ನೆಲ ಸಮ ಆಗೋಯ್ತು. ಕಲ್ಲಿದ್ದ ಕಡೆ ಕಲ್ಲು ನೋಡಿ ಮತ್ತೆ ಮಣ್ಣು ಹಾಕಿದ್ವಿ. ಕಲ್ಲಿಲ್ಲದ ಕಡೆ ಏನು ಮಾಡೋದು? ಅಂದಾಜಿಗೆ ದಿಬ್ಬ ಮಾಡ್ಬಿಟ್ವಿ. ಮೇಷ್ಟ್ರು ಬಂದು ಆ ಕೆಸರಲ್ಲಿ ಮೊಣಕಾಲೂರ್ಕೊಂಡು ಹೊತ್ತು ಮುಳುಗೋ ತನಕ ಹುಡುಕಿದ್ರು. ಯಾವುದು ಸ್ವಾಮಿ ಅಂದೆ. ಗೊತ್ತಾಗ್ತಿಲ್ಲ ಕಣಪ್ಪಾ ಅಂತ ಚಿಕ್ಕ ಮಕ್ಕಳ ಹಂಗೆ ಅತ್ತುಬಿಟ್ರು. ಮನೇಲಿ ಹೇಳ್ಬೇಡ ಅಂದ್ರು. ಮನೆಯೋರು ಯಾರೂ ಬರೋದೇ ಇಲ್ವಲ್ಲ, ಯಾರಿಗೆ ಹೇಳ್ಲಿ ಅಂದೆ ನಾನು."

ಟೈಲರಮ್ಮ ಕೈ ಬಿಟ್ಟರು. ಆಮೇಲೆ ಮೈದುನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ನಿಜವಾದ ಕಕ್ಕುಲಾತಿಯಿಂದಲೇ ಹೇಳಿದರು.

"ಅತ್ತಿಗೆ, ಹೊತ್ತಾಗ್ತಿದೆ. ಯಾವುದೋ ಒಂದರ ಪಕ್ಕ ಹಾಕೋಣ. ಇದರಲ್ಲಿ ಒಂದು ನಮ್ಮದು ತಾನೇ. ಮನಸ್ಸಲ್ಲಿ ಇದೇ ಅಂದ್ಕೊಂಡ್ರಾಯ್ತು."

"ಯಾವುದೋ ಒಂದಾ?" ಟೈಲರಮ್ಮನ ದನಿ ಒಡೆದುಹೋಯಿತು. "ಯಾವುದೋ ಒಂದು ಮಗು ಹೆತ್ತಿದ್ನಾ ನಾನು? ಯಾವುದೋ ಒಂದಕ್ಕೆ ಹಾಲು ಕಟ್ಕೊಂಡು ಒದ್ದಾಡಿದ್ನಾ?"

"ಹಂಗೆ ಎಲ್ಲಂದ್ರಲ್ಲಿ ತೋಡೋಕೂ ಆಗಲ್ಲ ಸ್ವಾಮಿ," ಎಂದ ಮುದುಕ. "ಬೇರೆಯೋರ ಮಗು ಮೇಲೆ ಗುದ್ದಲಿ ಬಿದ್ರೆ?"

ಟೈಲರಮ್ಮ ತಿರುಗಿ ಪೆಟ್ಟಿಗೆಯ ಹತ್ತಿರ ಹೋದರು. ಮಂಡಿಯೂರಿ ಕೂತು ಮುಚ್ಚಳವನ್ನು ಅಂಗೈಯಿಂದ ಬಡಿದರು. ಮತ್ತೆ ಬಡಿದರು.

"ಏನ್ರೀ! ಗೊತ್ತಿದೆ ಅಂದ್ರಲ್ಲ! ನೀವು ನೋಡ್ಕೋತೀರ ಅಂತ ತಾನೇ ನಾನು ಬರದೆ ಕೂತಿದ್ದು! ಒಬ್ಬರಿಗಾದ್ರೂ ಗೊತ್ತಿದೆಯಲ್ಲ ಅಂತ ತಾನೇ ನಾನು ಇಷ್ಟು ವರ್ಷ ಉಂಡಿದ್ದು, ಮಲಗಿದ್ದು! ಕಳ್ಕೊಂಡ್ರೆ ಕಳ್ಕೊಂಡೆ ಅಂತ ಹೇಳ್ಬಾರ್ದಾಗಿತ್ತಾ? ನಾನೇನು ನಿಮ್ಮನ್ನ ನುಂಗಿಬಿಡ್ತಿದ್ನಾ? ಇಬ್ಬರೂ ಹುಡುಕ್ತಿದ್ವಲ್ರೀ..."

ಚರಿತ್ರೆ ಮೇಷ್ಟ್ರು ಕೋಲು ಬಿಟ್ಟು ನೆಲದ ಮೇಲೆ ಕುಸಿದು ಕೂತರು. ಯಾರೋ ನೀರು ತರಲು ಓಡಿದರು. ಮಗಳು ಮಾತ್ರ ನಿಂತಲ್ಲಿಂದ ಅಲುಗಲಿಲ್ಲ.

ಗೇಟಿನವನು ಬಂದು ಒಂದು ಸಲ ಇಣುಕಿ ಹೋದ. ಟೈಲರಮ್ಮ ಎದ್ದರು. ಮುಖ ಒರೆಸಿಕೊಂಡು ಮೈದುನನಿಗೆ, "ದೊಡ್ಡವರ ಸಾಲಲ್ಲೇ ಹಾಕಿ," ಎಂದರು. "ಆಗದ್ದಕ್ಕೆ ಮಾತು ಕೊಟ್ಟಿದ್ದೆ. ಪಾಪ, ಅದು ಆಗಲ್ಲ ಅಂತ ಹೇಳೋಕೂ ಆಗ್ದೆ ಹೋದ್ರು."

ದೊಡ್ಡವರ ಸಾಲಿನಲ್ಲಿ ಮೊದಲೇ ತೋಡಿಟ್ಟ ಗುಂಡಿ ಇತ್ತು. ಕೆಲಸ ಬೇಗ ಮುಗಿಯಿತು. ಮುಷ್ಟಿ ಮಣ್ಣು ಹಾಕುವಾಗ ಚರಿತ್ರೆ ಮೇಷ್ಟ್ರು ಏನಾದರೂ ಎರಡು ಮಾತು ಹೇಳಲಿ ಎಂದು ಯಾರೋ ಅಂದರು. ಅವರು "ಒಳ್ಳೆಯ ಮನುಷ್ಯ" ಎಂದು ಶುರುಮಾಡಿ, ನಿಲ್ಲಿಸಿ, ಬೇಡ ಎನ್ನುವಂತೆ ಕೈಯಾಡಿಸಿ ಹಿಂದೆ ಸರಿದರು. ಜನ ಕೈ ಕೊಡವಿಕೊಂಡು ಗೇಟಿನ ಕಡೆ ನಡೆದರು. ಮೈದುನ ವ್ಯಾನಿನವನ ಜೊತೆ ಮಾತಿಗೆ ನಿಂತರು.

ಟೈಲರಮ್ಮ ಗೇಟಿನ ಕಡೆ ಹೋಗಲಿಲ್ಲ. ಹಿಂದಿನ ಗೋಡೆಯ ಕಡೆ ತಿರುಗಿ ನಡೆದರು. ಮಗಳು ತಾಯಿಯನ್ನು ತಡೆಯಲಿಲ್ಲ, ಜೊತೆಗೂ ಹೋಗಲಿಲ್ಲ, ಸ್ವಲ್ಪ ಹಿಂದೆ ಹಿಂದೆಯೇ ಹೋದಳು.

ಸಾಲಿನ ಮೊದಲ ದಿಬ್ಬದ ಮುಂದೆ ಟೈಲರಮ್ಮ ನಿಂತರು. ಬಗ್ಗಿ ಅದರ ಮೇಲಿನ ಹುಲ್ಲು ಕಿತ್ತರು. ಆಮೇಲೆ ನೆಟ್ಟಗಾಗಿ, ಹೆಸರು ಹಿಡಿದು ಕರೆದರು. ಮೆಲ್ಲಗಲ್ಲ, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ. ಸ್ವಲ್ಪ ಕಾದರು. ಪಕ್ಕದ ದಿಬ್ಬಕ್ಕೆ ಹೋಗಿ ಹುಲ್ಲು ಕಿತ್ತು, ಮತ್ತೆ ಕರೆದರು.

ಹಿಂದೆ ನಿಂತಿದ್ದ ಮಗಳ ಗಂಟಲಿಗೆ "ಏನಮ್ಮಾ" ಎಂಬುದು ಬಂದೇಬಿಟ್ಟಿತ್ತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ತಾಯಿ ಮೂರನೆಯ ದಿಬ್ಬಕ್ಕೆ ಹೋಗಿ ಕರೆದರು.